ಕಣ್ಣು

ಮೇ ತಿಂಗಳು. ಹಾಸನದ ಎಪಿಎಂಸಿ ಯಾರ್ಡಿನಲ್ಲಿ
ಜಲಂಧರದ ಲಾರಿ ಇಳಿಸಿದ ಬಿತ್ತನೆ ಆಲೂಗಡ್ಡೆ,
ಟೋಕನ್ ಹಿಡಿದು ನಿಂತ ಸಾಲು ಗೇಟಿನಾಚೆಗೂ.
ಒಳಗೆ, ಕರೀ ಪರದೆಯ ಮುಂದೆ ನಾನು.

ನಿನ್ನೆ ರಾತ್ರಿ ನಾನೇ ನಕಲು ತೆಗೆದದ್ದು:
ಕರಕರ ಅನ್ನುತ್ತಿದ್ದ ಹಳೇ ಡಿಸ್ಕಿನಿಂದ
ಸದ್ದೇ ಇಲ್ಲದ ಹೊಸ ಎಸ್‌ಎಸ್‌ಡಿಗೆ.
ಹನ್ನೊಂದು ವರ್ಷದ ಲೆಕ್ಕ, ಬಾಕಿ, ಬಡ್ಡಿ,
ಗುಮಾಸ್ತ ತೀರ್ಥೇಶನ ಮಗಳ ನಾಮಕರಣದ ಫೋಟೊ ಸಹಿತ
ನೂರಕ್ಕೆ ನೂರು, ಹಸಿರು ಟಿಕ್ಕು.
ಸಂತೇಪೇಟೆಯ ಮನೆಗೆ ಹೋಗಿ ಮೈಮರೆತು ಮಲಗಿದ್ದೆ.

ಬೆಳಿಗ್ಗೆ ಇಂಗ್ಲಿಷಿನ ಒಂದೇ ಸಾಲು:
ಎಬ್ಬಿಸುವ ಡಿಸ್ಕು ಸಿಗಲಿಲ್ಲ.
ಎಲ್ಲ ಇದೆ, ಏಳುವುದು ಮಾತ್ರ ಇಲ್ಲ.

ಕೇಬಲ್ ಬದಲಿಸಿದೆ. ರ್‍ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿ ಕೂರಿಸಿದೆ.
ಬಯಾಸಿನ ನೀಲಿ ಮನೆಯಲ್ಲಿ ಕೋಣೆ ಕೋಣೆ ಹೊಕ್ಕೆ:
ಹೊಸ ಡಿಸ್ಕಿನ ಹೆಸರಿದೆ, ಅಳತೆಯೂ ಸರಿ,
ಹಾಜರಿ ಕೂಗಿ ಆಮೇಲೆ ತುಟಿ ಬಿಚ್ಚದ ಹುಡುಗನ ಹಾಗೆ.
'ಸಬೀಹಾ, ಇನ್ನೆಷ್ಟು ಹೊತ್ತಮ್ಮ?' ಮರಿದೇವ್ರು ಸಾಹುಕಾರರು
ಕೇಳಿದ್ದು ನಾಲ್ಕನೇ ಸಲ.
ಐದೇ ನಿಮಿಷ ಅಂದದ್ದೂ ನಾಲ್ಕನೇ ಸಲ.

ಕಿಟಕಿಯಾಚೆ ಗೋಣಿ ಹಾಸಿ ಹೋಳು ಮಾಡುವ ಹೆಂಗಸರು.
ಈಳಿಗೆಗೆ ಕೊಟ್ಟು, ಕೊಯ್ದ ಮೈಗೆ ಬೂದಿ ಸವರಿ,
ನಿಂಗಾಜಮ್ಮ ಹೊಸ ಹುಡುಗಿಯನ್ನು ಗದರುತ್ತಿದ್ದಳು:
'ಅಯ್ಯೋ ಮೂದೇವಿ, ಹೋಳು ದೊಡ್ಡದಾದ್ರೆ ಸಾಕೇನೇ?
ಕಣ್ಣೆಲ್ಲೈತೆ ಇದ್ರಲ್ಲಿ? ಮಣ್ಣಲ್ಲಿ ಮಲಗಿ ಕೊಳೀತದೆ ಅಷ್ಟೆ,
ಏಳಾಕಿಲ್ಲ.'

ನನಗೆ ಹೇಳಿದ್ದಲ್ಲ ಅದು. ನನ್ನ ಕಡೆ ನೋಡಲೂ ಇಲ್ಲ.
ಆದರೂ ಕಿವಿ ಬಿಸಿಯಾಯಿತು.

ಹಳೇ ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ
ಸಿ ಅಲ್ಲ, ಡಿ ಅಲ್ಲ, ಅಕ್ಷರವೇ ಇಲ್ಲದ
ನೂರು ಎಂಬಿಯ ಒಂದು ಚೂರು, ಅಂಚಿನಲ್ಲಿ.
ಯಾವುದೋ ಖಾಲಿ ಜಾಗವೆಂದು ನಿನ್ನೆ ನಾನು ಬಿಟ್ಟದ್ದು.
ಒಂದು ಬಿಲ್ಲಿಲ್ಲ ಅದರಲ್ಲಿ, ಒಬ್ಬ ಸಾಲಗಾರನಿಲ್ಲ;
ಏಳು, ಇಲ್ಲಿಂದ ಏಳು ಅನ್ನುವ ನಾಲ್ಕು ಮಾತು.

ಅದನ್ನೂ ತಂದು ಕೂರಿಸಿದೆ. ಗುಂಡಿ ಒತ್ತಿದೆ.
ಚುಕ್ಕಿಗಳು ಸುತ್ತಿದವು, ಸುತ್ತಿದವು, ನಿಂತವು.
ನಿಂತಾಗ ತೀರ್ಥೇಶ ಗೋಡೆಯ ಪಟ ನೋಡಿದ.
ಮತ್ತೆ ಸುತ್ತಿದವು.

ಪ್ರಿಂಟರು ಕೆಮ್ಮಿ ಮೊದಲ ಚೀಟಿ ಉಗುಳಿತು:
ಟೋಕನ್ ನಲವತ್ತೊಂದು, ದುದ್ದ ಹೋಬಳಿ, ಹತ್ತು ಮೂಟೆ.

ಎಷ್ಟಾಯ್ತು ಅಂದರು ಸಾಹುಕಾರರು.
ತಪ್ಪು ನಂದೇ, ಬೇಡ ಅಂದೆ. ಅವರು ಒತ್ತಾಯಿಸಲೂ ಇಲ್ಲ.
ಹೊರಡುವಾಗ, ಕಣ್ಣಿಲ್ಲದ ಹೋಳುಗಳ ಗುಡ್ಡೆಯಿಂದ
ಬಾಚಿ ಕವರಿಗೆ ತುಂಬಿದಳು ನಿಂಗಾಜಮ್ಮ:
'ಸಾರಿಗಾಯ್ತದೆ, ತಗಂಡೋಗು.'