ಕೋಲ್ಮನ್ ಕುಡಿಯುತ್ತಿರಲಿಲ್ಲ

ಲಿವರ್ ಹೋಯಿತಂತೆ, ಅಂದಮೇಲೆ ಕೇಳಬೇಕೆ,
ಎಂದಿತು ಊರು.
ಹೆಣದ ಸುತ್ತ ಕೂತು ಸ್ಯಾಂಡ್‌ವಿಚ್ ತಿನ್ನುತ್ತ ಎಂದಿತು,
ಎನ್ನುತ್ತಲೇ ತಾನೊಂದು ಗ್ಲಾಸು ವಿಸ್ಕಿ ಏರಿಸಿತು.

ಕೋಲ್ಮನ್ ಕುಡಿಯುತ್ತಿರಲಿಲ್ಲ.
ಹದಿನಾರಕ್ಕೆ ಪಾದ್ರಿಯ ಮುಂದೆ ಆಣೆಯಿಟ್ಟು
ಕೋಟಿಗೆ ಚುಚ್ಚಿಕೊಂಡ ಬಿಲ್ಲೆ
ಐವತ್ತೊಂದರವರೆಗೂ ಅಲ್ಲೇ ಇತ್ತು.
ಪೆಟ್ಟಿಗೆಯೊಳಗೂ ನಾನೇ ಚುಚ್ಚಿದೆ,
ಎಲ್ಲರಿಗೂ ಕಾಣುವ ಹಾಗೆ.
ಯಾರೂ ಕಾಣಲಿಲ್ಲ.

ಫೆಬ್ರವರಿಯ ಚಳಿಯಲ್ಲೂ ಅವನ ಮೈ ಕಂದು.
'ಸ್ಪೇನಿಗೆ ಹೋಗಿದ್ದೆಯೇನೋ' ಎಂದು ಅಂಚೆಯವ ಛೇಡಿಸುತ್ತಿದ್ದ.
ಸ್ವಿಲ್ಲಿಯ ಕೆಸರು ದಾಟಿ ಹೋದವನಲ್ಲ ಅವನು.
ಸಿಂಪಿಯ ಚೀಲ ಮಗುಚಿ ಮಗುಚಿ
ಕೈ ಹಿಡಿಯುತ್ತಿದೆ ಎನ್ನುತ್ತಿದ್ದ:
ತೋರುಬೆರಳು, ನಡುಬೆರಳು,
ಎರಡರದೂ ಬುಡದ ಗೆಣ್ಣು ಊದಿ
ಕೀಲಿನಲ್ಲಿ ಮರಳು ಸಿಕ್ಕಿದಂತೆ.
ಚಳಿ, ಎಂದೆವು. ವಯಸ್ಸು, ಎಂದೆವು.
ಲಂಗರಿಗೆ ಹಿಡಿಯುವುದು ಮನುಷ್ಯನಿಗೂ ಹಿಡಿಯುತ್ತದೆಂದು
ಯಾರಿಗೆ ಗೊತ್ತಿತ್ತು.

ಎರಡು ವರ್ಷದ ಮೇಲೆ ಲೆಟರ್‌ಕೆನಿಯ ಡಾಕ್ಟರು ನನಗೆ ಹೇಳಿದರು:
ಹೀಮೋಕ್ರೊಮಾಟೋಸಿಸ್.
ಹೆಸರೊಂದು ಕಬ್ಬಿಣದ ಕಡಲೆ,
ಅರ್ಥ ಬರೀ ಕಬ್ಬಿಣ.
ಉಂಡದ್ದರಲ್ಲಿ ಬೇಕಾದಷ್ಟೇ ಹೀರಿ
ಮಿಕ್ಕದ್ದನ್ನು ಬಿಡಬೇಕಾದ ಮೈ
ಬಿಡುವುದನ್ನೇ ಕಲಿತಿಲ್ಲ.

ಚೀಟಿಯ ಬೆನ್ನಿಗೆ ಗೆರೆ ಎಳೆದರು,
ಅಪ್ಪನಿಗೆ ಎರಡು, ಅಮ್ಮನಿಗೆ ಎರಡು,
ಒಂದೊಂದಕ್ಕೆ ಅಡ್ಡ ಗೀಟು.
ಒಂದೇ ಗೀಟಿದ್ದವರಿಗೆ ಏನೂ ಆಗದು;
ಅಪ್ಪ ಎಂಬತ್ತೆಂಟು ಬದುಕಿ, ಬೇಸರ ಬಂದು ಹೋದ.
ಎರಡೂ ಗೀಟು ಬೀಳುವುದು ನಾಲ್ಕು ಮಕ್ಕಳಲ್ಲಿ ಒಂದಕ್ಕೆ, ಎಂದರು.
ನಾವು ನಾಲ್ವರೇ. ಸರಿಯಾಯಿತು, ಎಂದುಕೊಂಡೆ,
ಕೋಲ್ಮನ್ ಎಲ್ಲರ ಪರವಾಗಿ ಕಟ್ಟಿದ್ದಾನೆ.
ಹಾಗಲ್ಲವಂತೆ.
ಪ್ರತಿ ಬಸಿರಿಗೂ ಹೊಸದಾಗಿ ಚೀಟಿ ಎತ್ತುತ್ತಾರಂತೆ.

ಅಪ್ಪನ ವಿಲ್ಲಿಗಾಗಿ ಏಳು ವರ್ಷ ಮಾತು ಬಿಟ್ಟವರು ನಾವು.
ದೋಣಿ ಫೀಅಕ್ರನಿಗೆ, ಮನೆ ಕೋಲ್ಮನ್‌ಗೆ,
ಬ್ಯಾಂಕಿನದು ಡಿಂಪ್ನಾಗೆ, ನನಗೊಂದು ಗೋಡೆ ಗಡಿಯಾರ.
ಬರೆಯದೆ ಕೊಟ್ಟ ಈ ಪಾಲಿಗೆ
ಯಾರೂ ವಕೀಲರನ್ನು ಹಿಡಿಯಲಿಲ್ಲ.

ಇಷ್ಟು ತಡವಾಗಿ ನನಗೇಕೆ, ಎಂದೆ.
ಡಾಕ್ಟರು ತುಸು ನಾಚಿ, ಮುಟ್ಟು ಯಾವಾಗ ನಿಂತಿತು ಎಂದರು.
ಮೂವತ್ತೆಂಟು ವರ್ಷ ತಿಂಗಳು ತಿಂಗಳೂ ಶಪಿಸಿ
ಒಗೆದು ಹಾಕಿದ್ದೆನಲ್ಲ,
ಅದೇ ನನ್ನ ಕಾದದ್ದು.
ಕೋಲ್ಮನ್‌ಗೆ ಆ ಬಾಗಿಲು ಇರಲಿಲ್ಲ.

ಮದ್ದು? ನಮ್ಮಜ್ಜಿಯ ಅಜ್ಜಿಗೂ ತಿಳಿಯುವಂಥದು:
ರಕ್ತ ತೆಗೆಯುವುದು.
ವಾರಕ್ಕೊಮ್ಮೆ ಕುರ್ಚಿಯಲ್ಲಿ ಒರಗುತ್ತೇನೆ.
ಗುದ್ದಲಿ ಕಾವಿನಷ್ಟು ದಪ್ಪ ಎನಿಸುವ ಸೂಜಿ,
ತೊಟ್ಟಿಲ ಹಾಗೆ ತೂಗುವ ಪುಟ್ಟ ತಕ್ಕಡಿ,
ಅದರ ಮೇಲೆ ನನ್ನ ಬಿಸಿ ಚೀಲ, ತುಂಬುತ್ತಾ.
ನರ್ಸು ಓನಾ ತನ್ನ ಮದುವೆಯ ಟೆಂಟಿನ ಬಾಡಿಗೆ ಹೇಳುತ್ತಾಳೆ.
ಸಾವಿರದ ಮುನ್ನೂರ ನಲವತ್ತಿತ್ತು ಲೆಕ್ಕ.
ಈಗ ಆರುನೂರು. ಐವತ್ತಕ್ಕೆ ಇಳಿಯಬೇಕು,
ಆಮೇಲೆ ವರ್ಷಕ್ಕೆ ಮೂರೋ ನಾಲ್ಕೋ ಸಲ,
ಸಾಯುವವರೆಗೆ.

ಊಟದ ಜೊತೆ ಟೀ ಕುಡಿಯಿರಿ, ಕಬ್ಬಿಣ ಕಡಿಮೆ ಹತ್ತುತ್ತದೆ ಎಂದರು.
ಡೊನೆಗಾಲ್‌ನವಳಿಗೆ ಹೇಳುವ ಮಾತೇ!
ಹಸಿ ಸಿಂಪಿ ಮಾತ್ರ ಬೇಡವೇ ಬೇಡ,
ಅದರೊಳಗಿನ ಒಂದು ಹುಳಕ್ಕೆ
ನಮ್ಮಂಥವರ ರಕ್ತವೇ ಹಬ್ಬ.
ಪ್ರವಾಸಿಗಳಿಗೆ ದಿನಕ್ಕೆ ಇನ್ನೂರು ಬಿಡಿಸಿಕೊಡುತ್ತೇನೆ,
ನಿಂಬೆ ಹಿಂಡಿ,
ಬೆರಳು ನೆಕ್ಕದೆ.

ಡಿಂಪ್ನಾ ಪರೀಕ್ಷೆ ಮಾಡಿಸಿದಳು, ಒಂದೇ ಗೀಟು.
ಫೀಅಕ್ರ ಫೋನು ಇಟ್ಟುಬಿಟ್ಟ.
'ನಾನೇನು ಕುಡುಕನೆ' ಎಂದು ಇಟ್ಟ.

ನಾಳೆ ಇಳಿತ ಆರೂವರೆಗೆ.
ಅದಕ್ಕೆ ಮೊದಲು ಅವನ ಬಾಗಿಲು ತಟ್ಟಬೇಕು.
ವರದಿ ಒಯ್ಯುವುದಿಲ್ಲ, ಓದುವವನಲ್ಲ.
ಟೀ ಕೊಟ್ಟರೆ ಕುಡಿಯುತ್ತೇನೆ.
ಹೊರಡುವಾಗ ಕೈ ಚಾಚುತ್ತೇನೆ, ಮುನಿಸು ಮುಗಿಯಿತೆಂಬಂತೆ,
ಅವನೂ ಚಾಚಿದರೆ
ಎರಡು ಬೆರಳ ಬುಡ ಹುಡುಕಿ
ಒತ್ತುತ್ತೇನೆ,
ಮುಖ ನೋಡುತ್ತ.