ಕೊಸರು

ಏಳು ಸುತ್ತು. ಸುತ್ತಿಗೆ ಆರು ಕಿಲೋಮೀಟರು.
ಮೇಲೆ ನೂರತೊಂಬತ್ತೈದು ಮೀಟರು ಕೊಸರು,
ಸಂತೆಯಲ್ಲಿ ಸೇರು ತುಂಬಿದ ಮೇಲೂ
ಒಂದು ಹಿಡಿ ಹಾಕುತ್ತಾರಲ್ಲ, ಹಾಗೆ.
ಫೆಬ್ರವರಿಯ ಎರಡನೆಯ ಭಾನುವಾರ, ನಸುಕಿನ ಐದಕ್ಕೆ,
ನಾನು ಎರಡೇ ಸಲ ಕಂಡ ಕಡಲಿನ ಪಕ್ಕ.

ಹಾತೂರಿನಲ್ಲಿ ಕಡಲಿಲ್ಲ.
ಚಪ್ಪಟೆ ರಸ್ತೆಯೂ ಇಲ್ಲ. ಇಲ್ಲಿ ದಾರಿಯೆಂದರೆ
ಏರು, ಇಲ್ಲವೆ ಇಳಿತ, ಇಲ್ಲವೆ
ಯಾವುದೆಂದು ತಿಳಿಯದ ತಿರುವು.
ಮೊದಲು ಡಾಂಬರಿನ ಮೇಲೇ ಓಡುತ್ತಿದ್ದೆ.
ಆಮೇಲೆ ಮೊಬೈಲಿಗೆ ಇಲಾಖೆಯ ಸಂದೇಶ:
ಮೂರು ಆನೆ, ಒಂದು ಮರಿ,
ಬೆಳಗಿನ ಆರರವರೆಗೆ ರಸ್ತೆಗೆ ಇಳಿಯಬೇಡಿ.
ನನ್ನ ಡ್ಯೂಟಿ ಏಳಕ್ಕೆ.
ಹೀಗೆ ಶಾಲೆಯ ಮೈದಾನಕ್ಕೆ ಬಂದೆ,
ಸುತ್ತು ಹಾಕುವುದ ಕಲಿತೆ; ಕಲಿಸಿದ್ದು ಆನೆ.

ಮೈದಾನದ ಸುತ್ತು ಇನ್ನೂರು ಮೀಟರು,
ಮೂವತ್ತು ಸೇರಿದರೆ ಕಡಲಿನದೊಂದು.
ಲೆಕ್ಕಕ್ಕೆ ಬಲ ಜೇಬಿನಲ್ಲಿ ಮೂವತ್ತು ನಾಣ್ಯ,
ಗೋಲ್ ಕಂಬ ದಾಟಿದಾಗೊಮ್ಮೆ ಒಂದು ಎಡಕ್ಕೆ.
ಮಂಜಿನಲ್ಲಿ ಎದುರಿನ ಕಂಬ ಕಾಣುವುದಿಲ್ಲ,
ಜೇಬು ಝಣಗುಡುವುದು ಕೇಳುತ್ತದೆ.
ಬಲ ಹಗುರಾಗುತ್ತ, ಎಡ ಭಾರವಾಗುತ್ತ
ಹದಿನೈದನೆಯದರ ಹೊತ್ತಿಗೆ ಒಂದು ಗಳಿಗೆ
ಮೈ ತಕ್ಕಡಿಯ ಹಾಗೆ ಸಮ ನಿಲ್ಲುತ್ತದೆ.
ಎಷ್ಟೋ ದಿನ ಅಲ್ಲಿಗೇ ಸಾಕೆನಿಸಿದೆ.
ಒಂದು ದಿನ ಇಪ್ಪತ್ತೊಂಬತ್ತೇ ಇತ್ತು:
ಹಿಂದಿನ ಸಂಜೆ ಯಾರಿಗೋ ಚಿಲ್ಲರೆ ಕೊಟ್ಟಿದ್ದೆ.

ಡ್ರೈವರ್ ಮೊಯ್ದಿನಬ್ಬ ಉಳ್ಳಾಲದವರು.
ಗೋಣಿಕೊಪ್ಪದಲ್ಲಿ ಚಹಾ ಆರಿಸುತ್ತ ಹೇಳಿದರು,
"ಕಡಲ ಗಾಳಿಗೆ ಮರ್ಯಾದೆಯಿಲ್ಲ, ದೇಚಮ್ಮ.
ಹೋಗುವಾಗ ಬೆನ್ನಿಗೆ ಕೈಕೊಟ್ಟು ನೂಕುತ್ತದೆ,
ಬರುವಾಗ ಎದೆಗೆ ಕೈಯಿಟ್ಟು ಕೇಳುತ್ತದೆ, ಎಲ್ಲಿಗೆ?"
ಏಳು ಸಲವೂ ಕೇಳುತ್ತದಾ?
"ಏಳು ಸಲವೂ. ಅದಕ್ಕೆ ಬೇರೆ ಕೆಲಸವಿಲ್ಲ."
ಅಂದಿನಿಂದ ಬಸ್ಸು ಖಾಲಿಯಿದ್ದಾಗ ಮೆಟ್ಟಿಲಲ್ಲಿ ನಿಂತು
ಮುಖ ಹೊರಗಿಟ್ಟು ಉಸಿರು ಕಲಿಯುತ್ತೇನೆ.
ತಲೆ ಹೊರಗೆ ಹಾಕಬೇಡಿ ಎಂದು ಬರೆದಿರುವುದು
ನನ್ನ ತಲೆಯ ಮೇಲೆಯೇ.

ಕರಾವಳಿಯ ಸೆಕೆಗೆಂದು ರಜೆಯ ದಿನ
ನಡುಮಧ್ಯಾಹ್ನ ಕಾಫಿ ಕಣದ ಸುತ್ತ.
ಬೀಜ ಮಗುಚುವ ಅಸ್ಸಾಮಿನ ಹುಡುಗರು ನಕ್ಕರು.
ಎರಡನೆಯ ವಾರ ಅವರಲ್ಲೊಬ್ಬ, ಜಾಹಿದುಲ್,
ಬರಿಗಾಲಲ್ಲಿ ಬಂದು, ನನ್ನ ಹಿಂದಿಕ್ಕಿ,
ಏನೂ ಆಗದವನಂತೆ ಮತ್ತೆ ಕುಂಟೆ ಹಿಡಿದ.
ಮೀನಖಂಡ ಸೆಳೆದರೆ ಕಾಚಂಪುಳಿ,
ಅರ್ಧ ಚಮಚ, ಚಿಟಿಕೆ ಉಪ್ಪು, ನೀರು.
"ಹಂದಿ ಸಾರಿಗೆ ಹಾಕುವುದನ್ನು
ಕಾಲಿಗೆ ಹಾಕುತ್ತೀಯಲ್ಲೇ" ಎಂದಳು ಅತ್ತಿಗೆ.

ಸುತ್ತಿನ ಓಟದಲ್ಲಿ ಕಷ್ಟ ದೂರದ್ದಲ್ಲವಂತೆ.
ಗುರಿಯ ಗೆರೆ ಮತ್ತೆ ಮತ್ತೆ ಎದುರಾಗುತ್ತದಂತೆ,
ಅಲ್ಲೇ ಬಾಳೆಹಣ್ಣು, ಅಲ್ಲೇ ಕುರ್ಚಿ,
ಮುಗಿಸಿದವರ ಕೊರಳಲ್ಲಿ ಪದಕ;
ಆರು ಸಲ ಅದರ ಮುಂದೆಯೇ ಹಾದು
ನಿಲ್ಲದೆ ಹೋಗಬೇಕಂತೆ.
ಕೇಳಿ ನಗು ಬಂತು.
ಹದಿನಾರು ವರ್ಷದಿಂದ, ವಿರಾಜಪೇಟೆ ಗೋಣಿಕೊಪ್ಪದ ನಡುವೆ
ದಿನಕ್ಕೆ ಆರು ಸಲ ಕೂಗುತ್ತೇನೆ:
ಹಾತೂರು, ಹಾತೂರು, ಯಾರ್ರೀ ಇಳಿಯೋರು?
ತಂತಿಯಲ್ಲಿ ನಾನೇ ಹರವಿದ ಬಟ್ಟೆ ಕಾಣುತ್ತದೆ.
ಒಂದು ಸಲ ಜಗುಲಿಯಲ್ಲಿ ಮಗಳು, ಜ್ವರದಲ್ಲಿ,
ಕಂಬಳಿಯೊಳಗಿಂದ ಕೈಯೆತ್ತಿದ್ದಳು.
ಸೀಟಿ ಊದಿದೆ. ರೈಟ್ ಎಂದೆ.
ಇಳಿಯುವುದು ಏಳನೆಯ ಸಲ, ಬೇರೆಯವರ ಬಸ್ಸಿನಲ್ಲಿ ಬಂದು.

ಉಳಿದದ್ದು ಕೊಸರು.
ನಿಲ್ದಾಣದಿಂದ ಗೇಟಿಗೆ ಟೇಪು ಹಿಡಿದು ಅಳೆದೆ,
ನೂರೆಂಬತ್ತು. ಹದಿನೈದು ಸಾಲದು.
ಅದಕ್ಕೇ ಈಗೀಗ ಸಂಜೆ, ಖಾಕಿಯಲ್ಲೇ,
ಚರ್ಮದ ಚೀಲ ಪಕ್ಕೆಗೆ ಬಡಿಯುತ್ತ
ಗೇಟು ದಾಟಿ, ನಲ್ಲಿ ದಾಟಿ,
ಹಿತ್ತಲ ಕಿತ್ತಳೆ ಗಿಡದವರೆಗೂ ಓಡುತ್ತೇನೆ.
"ಯಾರೂ ಅಟ್ಟಿಸಿಕೊಂಡು ಬರ್ತಿಲ್ಲಮ್ಮ" ಎನ್ನುತ್ತಾಳೆ
ಕಿಟಕಿಯಿಂದ ಮಗಳು.
ಗಿಡ ಮುಟ್ಟಿ ನಿಲ್ಲುತ್ತೇನೆ.
ಚೀಲದೊಳಗೆ ಚಿಲ್ಲರೆ ಮಾತ್ರ
ಇನ್ನೂ ಸ್ವಲ್ಪ ಹೊತ್ತು ಓಡುತ್ತಿರುತ್ತದೆ.