ಅಕ್ಷರ ಬೇಡ

ಬೈತಖೋಲದಲ್ಲಿ ಮೂವತ್ತು ದೋಣಿಗಳ ಮೂಗಿನ ಮೇಲೆ
ಹೆಸರು ಬರೆದವನು ನಾನು.
ಜಲದುರ್ಗಾ, ಸಾಗರಲಕ್ಷ್ಮಿ, ಒಂದು ಸಲ ಬರೀ ‘ಸಾಲ ತೀರಿತು’.
ಕೊಂಬು, ಒತ್ತು, ದೀರ್ಘ ಎಲ್ಲ ಉಪ್ಪುಗಾಳಿಗೆ ಎದೆ ಕೊಟ್ಟು
ನಿಲ್ಲುವಂತೆ ಬರೆಯುತ್ತೇನೆಂದು ಸಣ್ಣ ಜಂಬ.

ಇಲಾಖೆಯ ಸಾಹೇಬರು ಕರೆಸಿ ಹೇಳಿದರು:
ಕಾಳಿಯ ಕವಲಿನ ಹಳೇ ಸೇತುವೆ, ನಾಲ್ಕನೇ ಕಮಾನು ಬಂದ್.
ಬುಡದ ಕಲ್ಲು ಜಾರಿದೆ. ಎರಡೂ ಮಗ್ಗುಲಿಗೆ ಬೋರ್ಡು ಬೇಕು.
ಕೆಂಪು, ಬಿಳಿ, ಕೆಂಪು. ಅಡ್ಡ ಪಟ್ಟೆ.
ಅಕ್ಷರ ಬೇಡ.
‘ಅಪಾಯ’ ಅಂತಾದರೂ? ಅಂದೆ.
ಬೇಡ ಮಾರಾಯಾ, ನದಿಯವರು ಬಣ್ಣ ಓದುತ್ತಾರೆ.

ಬಾಯಿ ಕಟ್ಟಿಸಿಕೊಂಡವನ ಹಾಗೆ ಬಳಿದೆ.

ಜಟ್ಟು ಅಂಬಿಗನ ಪಾತಿಯಲ್ಲಿ ಹೋದೆವು,
ಭರತಿ ನಿಂತು ಇಳಿತ ಇನ್ನೂ ಶುರುವಾಗದ ಆ ಅರೆಗಳಿಗೆಯಲ್ಲಿ.
ಅರವತ್ತು ದಾಟಿದ ಆಳು; ಬಳಚು ತೆಗೆದು ತೆಗೆದು
ಬೆರಳಿಗೆ ಗೆರೆಯೇ ಇಲ್ಲ.
ಸರಪಳಿ, ಬೋಲ್ಟು, ಬಿದಿರೇಣಿ.
ಕಮಾನಿನ ಒಳಗೆ ನಾವು ಆಡಿದ್ದು ಎರಡೆರಡು ಸಲ ಕೇಳುತ್ತಿತ್ತು.
‘ಆಳ ಅಂದ್ರೆ ಇಲ್ಲೇ,’ ಅಂದ ಜಟ್ಟು,
‘ಮರಳು ತುಂಬ್ಕಂಡು ಬಂದ್ರೂ ತಳ ತಾಗೂದಿಲ್ಲ.
ಅಜ್ಜನ ಕಾಲದಿಂದ ಎಲ್ಲರೂ ಇದರಲ್ಲೇ ಹೋಪ್ದು.’
ಅಂದರೆ ಬಂದಾದದ್ದು ಇದ್ದುದರಲ್ಲಿ ಒಳ್ಳೇ ದಾರಿ.

ನೂರು ಮಾರು ಹಿಂದೆ ಹೋಗಿ ದೋಣಿ ತಿರುಗಿಸಿ ಕೇಳಿದೆ:
ಹ್ಯಾಗೆ ಕಾಣ್ತದೆ?
ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ.
‘ಕಂಡಿ ಬಿಟ್ಟಾಂಗೆ ಕಾಣ್ತದೆ.’
ಕಂಡಿ?
‘ಮೇಲೆ ಕೆಸರು, ಕೆಳಗೆ ಕೆಸರು. ನಡೂಕೆ ಬೆಳ್ಳಗೆ. ಬಾ ಅಂದಾಂಗೆ.’

ಕೆಂಪು ಅವನ ಕಣ್ಣಿಗೆ ಹುಟ್ಟಿದಂದಿನಿಂದ ಇಲ್ಲ.
ಹೆಂಡತಿಯ ಧಾರೆಸೀರೆ ಎಲೆಯ ಬಣ್ಣದ್ದೆಂದೇ
ಹನ್ನೊಂದು ವರ್ಷ ತಿಳಿದಿದ್ದನಂತೆ.
ಅವಳಿಗೆ ಗೊತ್ತಾದ ಮೇಲೂ ಯಾರ ಹತ್ತಿರವೂ ಹೇಳಲಿಲ್ಲ.
ರಾತ್ರಿ ಬಂದರಿನ ದೀಪ?
‘ಯಾವ ಬದಿಗೆ ಉಂಟು ಅಂತ ನೋಡ್ತೆ. ಬಣ್ಣ ಎಂತಕ್ಕೆ.’

ನಾನು ಕುಂಚ ತೆಗೆದೆ. ಬಿಳಿಯ ಮೇಲೆ ಏನು ಬರೆಯಲಿ?
ಅವನಿಗೆ ಓದು ಬಾರದು.
ಹೆಸರು ಹಚ್ಚಿಸಿಕೊಂಡ ಮೂವತ್ತು ದೋಣಿಗಳಲ್ಲಿ
ಎಷ್ಟು ಜನ ಓದಿದ್ದರೋ, ಆವತ್ತೇ ಮೊದಲು ಯೋಚಿಸಿದ್ದು.

ಜಟ್ಟು ದೋಣಿಯನ್ನು ದಂಡೆಗೆ ಒತ್ತಿದ.
ಲಕ್ಕಿಯ ದೊಡ್ಡ ಟೊಂಗೆ ಮುರಿದು ತಂದು
ಕೆಳಗಿನ ಬೋಲ್ಟಿಗೆ ತಲೆಕೆಳಗಾಗಿ ಕಟ್ಟಿದ,
ಅರಬೈಲು ಘಟ್ಟದ ತಿರುವಿನಲ್ಲಿ ಲಾರಿ ಕೆಟ್ಟರೆ
ಹಿಂದೆ ಸೊಪ್ಪು ಹಾಕುತ್ತಾರಲ್ಲ, ಹಾಗೆ.
ನೀರಿನವನಿಗೆ ಈ ರಸ್ತೆಯ ಮಾತು ಯಾರು ಹೇಳಿಕೊಟ್ಟರೋ.

ತನಿಖೆಗೆ ಬಂದವರು ಕಿತ್ತು ಎಸೆದರು. ನಿಯಮದಲ್ಲಿಲ್ಲ.
ಎಂಟು ದಿನಕ್ಕೆ ಮತ್ತೆ ಹಸಿ ಟೊಂಗೆ.
ಮತ್ತೆ ಕಿತ್ತರು.
ಈಗ ಯಾರು ಕಟ್ಟುತ್ತಾರೆ ಅಂತ ಕೇಳಿದರೆ
ಜಟ್ಟು ತಾನಲ್ಲ ಅನ್ನುತ್ತಾನೆ. ಸುಳ್ಳಲ್ಲವಂತೆ.

ಸಂಜೆ ಸೈಕಲ್ಲು ನಿಲ್ಲಿಸಿ ಕಟ್ಟೆಯಿಂದ ಬಗ್ಗುತ್ತೇನೆ.
ಮೇಲಿನಿಂದ ನನ್ನ ಬೋರ್ಡು ಕಾಣುವುದಿಲ್ಲ.
ಭರತಿ ಏರಿದಾಗ ಸೊಪ್ಪಿನ ತುದಿ ನೀರಿಗೆ ತಾಗಿ
ನೀರು ಅಷ್ಟಕ್ಕೇ ಸುಕ್ಕಾಗಿ
ಕಮಾನಿನೊಳಗೆ ಹೋಗಿಬಿಡುತ್ತದೆ.

ಬಿಲ್ಲಿನಲ್ಲಿ ಕೆಂಪು ಎರಡು ಲೀಟರು, ಬಿಳಿ ಒಂದು,
ದೋಣಿ ಬಾಡಿಗೆ ಎಂದು ಬರೆದೆ.
ಒಂದು ಸಾಲು ಖಾಲಿ ಬಿಟ್ಟೆ.
ಇನ್ನೂ ಪಾಸಾಗಿಲ್ಲ.